ಮಾಳಮಡ್ಡಿ ಮನೆಗೆ ಕೇಬಲ್ ಮೋಡೆಮ್: ಯಾವ ಡಬ್ಬಿ, ಎಲ್ಲಿ, ಹೇಗೆ

ಮನೆ ಧಾರವಾಡದ ಮಾಳಮಡ್ಡಿಯಲ್ಲಿದೆ. ಕೆಳಗೆ ಹಳೇ ಕಾಲದ ಕಲ್ಲಿನ ಗೋಡೆ, ಒಂದೂವರೆ ಅಡಿಗೂ ಜಾಸ್ತಿ ದಪ್ಪ. ಮೇಲೆ ಆಮೇಲೆ ಕಟ್ಟಿಸಿದ ಎರಡು ಕೋಣೆ, ಆರ್‌ಸಿಸಿ ಸ್ಲ್ಯಾಬು. ಮನೆಯಲ್ಲಿ ನಿವೃತ್ತ ಮಾಸ್ತರ್ರು, ಅವರ ಹೆಂಡತಿ, ಹಿರಿಮಗ, ಸೊಸೆ, ಹೈಸ್ಕೂಲಿಗೆ ಹೋಗುವ ಮೊಮ್ಮಗ. ಸೊಸೆ ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ. ಅವರ ಕೋಣೆ ಮಹಡಿ ಮೇಲೆ, ಹಿಂದುಗಡೆ. ಇಂಟರ್ನೆಟ್ ಬರುವುದು ಟಿವಿ ಕೇಬಲ್‌ನಲ್ಲೇ, ಅಂದರೆ ಕಂಬದಿಂದ ಇಳಿಯುವ ಆ ಕಪ್ಪು ವೈರಿನಲ್ಲಿ. ಪ್ಲಾನು 100 ಎಂಬಿಪಿಎಸ್‌ದು.

ದೂರು ಒಬ್ಬೊಬ್ಬರದು ಒಂದೊಂದು ಥರ ಇತ್ತು. ಸೊಸೆ ಹೇಳಿದ್ದು ಇಷ್ಟು: "ಕಾಲ್‌ನ್ಯಾಗ ನನ್ನ ಮಾತು ತುಂಡ್ ತುಂಡಾಗಿ ಕೇಳ್ತದಂತ್ರೀ ಅಣ್ಣಾರ. ಮ್ಯಾನೇಜರ್ ಆಫೀಸಿಗೇ ಬಂದ್ಬಿಡ್ರಿ ಅನ್ಲಿಕ್ಕತ್ತಾರ." ಮಾಸ್ತರ್ರದು ಬೇರೆ: "ಸಂಜೀ ಮುಂದ ನೆಟ್ಟು ತಾನ ಹೋಗ್ತದ, ತಾನ ಬರ್ತದ. ಮಳಿ ಹತ್ತಿದರಂತೂ ಕೇಳೂದ ಬ್ಯಾಡ." ಮೊಮ್ಮಗನಿಗೆ ಆಟದಲ್ಲಿ ಪಿಂಗ್, ಅಂದರೆ ಒತ್ತಿದ್ದು ಆ ಕಡೆ ಹೋಗಿ ಉತ್ತರ ಬರುವ ಹೊತ್ತು, ಜಾಸ್ತಿ. ಅವನ ದೂರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಆದರೆ ಮೂರರಲ್ಲಿ ಅಳೆಯಲು ಸುಲಭವಾದದ್ದು ಅದೇ.

ಪರಿಹಾರವೂ ಮನೆಯಲ್ಲಿ ಮೊದಲೇ ತಯಾರಿತ್ತು. ಮಾಸ್ತರ್ರ ಕಿರಿಮಗ ಅಮೆರಿಕದಲ್ಲಿದ್ದಾನೆ. ರಜೆಗೆ ಬಂದಾಗ ಅಲ್ಲಿ ತಾನು ಬಳಸುತ್ತಿದ್ದ ಡಬ್ಬಿಯನ್ನೇ ತಂದುಕೊಟ್ಟಿದ್ದ. ಮೋಡೆಮ್ಮು, ವೈಫೈ ರೂಟರು ಎರಡೂ ಒಂದರಲ್ಲೇ ಇರುವ ಡಬ್ಬಿ. ಡಾಕ್ಸಿಸ್ (ಕೇಬಲ್ ಮೇಲೆ ಇಂಟರ್ನೆಟ್ ಕೊಡುವ ಪದ್ಧತಿ) 3.0, ಕೆಳಬರುವ ಚಾನೆಲ್ 24, ಮೇಲೆ ಹೋಗುವವು 8, ವೈಫೈ 5. ನೋಡಲು ದಪ್ಪನೆಯ ಪುಸ್ತಕ ನಿಲ್ಲಿಸಿದಂತೆ. "ತಮ್ಮಾ, ಇದು ಅಮೆರಿಕಾದ್ದು. ಇದನ್ನ ಹಚ್ಚಿಬಿಡು, ಎಲ್ಲಾ ಸರಿಹೋಗ್ತದ" ಅಂದರು ಮಾಸ್ತರ್ರು.

ಹಚ್ಚುವ ಮೊದಲು ಒಂದು ವಿಷಯ ಬೇರ್ಪಡಿಸಿಕೊಳ್ಳಬೇಕಿತ್ತು. ಈ ಜೋಡಿ ಡಬ್ಬಿಯೊಳಗೆ ಎರಡು ಕೆಲಸಗಾರರಿದ್ದಾರೆ. ಒಬ್ಬ ಕೇಬಲ್‌ನಿಂದ ಸಿಗ್ನಲ್ ಹಿಡಿದು ಇಂಟರ್ನೆಟ್ ಮಾಡುವವನು. ಇನ್ನೊಬ್ಬ ಅದನ್ನು ಗಾಳಿಯಲ್ಲಿ ಮನೆತುಂಬ ಹಂಚುವವನು. ನೆಟ್ ನಿಧಾನವಾದರೆ ತಪ್ಪು ಯಾರದು ಅಂತ ಹೊರಗಿನಿಂದ ಗೊತ್ತಾಗಲ್ಲ. ಜನ ಸೀದಾ ಹೊಸ ಡಬ್ಬಿ ತರುತ್ತಾರೆ. ಇದು ನಾನು ಹುಬ್ಬಳ್ಳಿ ಧಾರವಾಡ ಎರಡೂ ಕಡೆ ಸುಮಾರು ಮನೆಗಳಲ್ಲಿ ನೋಡಿರುವ ಖರ್ಚು.

ಪರೀಕ್ಷೆ ಸುಲಭ. ಲ್ಯಾಪ್‌ಟಾಪಿನ ವೈಫೈ ಬಂದ್ ಮಾಡಿ, ಲ್ಯಾನ್ ವೈರಿನಿಂದ ಮನೆಯಲ್ಲಿದ್ದ ಹಳೇ ಡಬ್ಬಿಗೆ ಸೀದಾ ಜೋಡಿಸಿ ಸ್ಪೀಡ್ ನೋಡುವುದು. ಬೆಳಿಗ್ಗೆ 42 ಬಂತು. ಸಂಜೆ 15ಕ್ಕೆ ಇಳಿಯಿತು, ನಡುವೆ ಒಮ್ಮೆ ಪೂರ್ತಿ ಹೋಗಿಬಂತು. ಆಮೇಲೆ ಅದೇ ಪಡಸಾಲೆಯಲ್ಲಿ ವೈಫೈ ಮೇಲೆ 30. ಮಹಡಿಯ ಹಿಂದಿನ ಕೋಣೆಯಲ್ಲಿ 5, ಕೆಲವು ಸಲ 3. ಅಂದರೆ ಕೇಬಲ್ ಕಡೆಗೂ ತೊಂದರೆ ಇದೆ, ವೈಫೈ ಕಡೆಗೂ ಇದೆ. ಮಾಸ್ತರ್ರು ಹೇಳಿದ್ದೂ ಸರಿ, ಸೊಸೆ ಹೇಳಿದ್ದೂ ಸರಿ. ಅವರಿಬ್ಬರೂ ಬೇರೆ ಬೇರೆ ರೋಗದ ಬಗ್ಗೆ ಮಾತಾಡುತ್ತಿದ್ದರು.

ಬೆಳಿಗ್ಗೆಯ ಆ 42 ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು. ಟಿವಿ ಹಿಂದೆ ಕೂತಿದ್ದ ಹಳೇ ಡಬ್ಬಿ ಡಾಕ್ಸಿಸ್ 2.0 ಕಾಲದ್ದು. ಕೇಬಲ್ ಮೇಲೆ ಇಂಟರ್ನೆಟ್ ಕೊಡುವ ಈ ಪದ್ಧತಿಯ ಮೊದಲ ಆವೃತ್ತಿ 1997ರದು. ಒಂದಕ್ಕಿಂತ ಹೆಚ್ಚು ಚಾನೆಲ್‌ಗಳನ್ನು ಕಟ್ಟಿ ಒಟ್ಟಿಗೆ ಬಳಸುವುದು 2006ರಲ್ಲಿ ಬಂದ 3.0ದಿಂದ ಶುರುವಾಯಿತು. ಅದಕ್ಕೂ ಹಿಂದಿನ ಡಬ್ಬಿ ಒಂದೇ ಚಾನೆಲ್ ಹಿಡಿಯುತ್ತದೆ. ಯುರೋಪ್ ಮಾದರಿಯ 8 ಮೆಗಾಹರ್ಟ್ಸ್ ಚಾನೆಲ್ ಒಂದರಲ್ಲಿ ನಮ್ಮ ಕೈಗೆ ಸಿಗುವುದು ಸುಮಾರು 50 ಎಂಬಿಪಿಎಸ್. ಹಾಗಾಗಿ ಆ ಡಬ್ಬಿ ಎಷ್ಟೇ ತಿಪ್ಪರಲಾಗ ಹಾಕಿದರೂ 50 ದಾಟುವುದಿಲ್ಲ. ಇವರು ಮೊದಲು 20ರ ಪ್ಲಾನಿನಲ್ಲಿದ್ದರು. ಫೋನಿನಲ್ಲೇ 100ಕ್ಕೆ ಏರಿಸಿಕೊಂಡರು. ಡಬ್ಬಿ ಬದಲಿಸಬೇಕು ಅಂತ ಆ ಕಡೆಯವರೂ ಹೇಳಲಿಲ್ಲ, ಈ ಕಡೆಯವರೂ ಕೇಳಲಿಲ್ಲ. ಬಿಲ್ಲು ಮಾತ್ರ 100ರದು ಬರುತ್ತಿತ್ತು.

ಮೇಲಿನ ವೈರಿನ ಕಥೆ

ಹೊಸ ಡಬ್ಬಿ ಬೇಕು ಅನ್ನುವುದು ಖಾತ್ರಿ ಆಯಿತು. ಆದರೂ ಮೊದಲು ವೈರು. ಬಹಳಷ್ಟು ಕೇಬಲ್ ಮೋಡೆಮ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ಒಂದು ಪುಟದಲ್ಲಿ ತೋರಿಸುತ್ತವೆ. ಬ್ರೌಸರಿನಲ್ಲಿ 192.168.100.1 ಅಂತ ಹೊಡೆದರೆ ಸಾಕು. ಅಲ್ಲಿ ನೋಡಬೇಕಾದದ್ದು ಮೂರೇ ಅಂಕಿ. ಬರುವ ಸಿಗ್ನಲ್‌ನ ಬಲ, ಅದು ಗದ್ದಲಕ್ಕಿಂತ ಎಷ್ಟು ಮೇಲಿದೆ ಅನ್ನುವ ಗದ್ದಲದ ಅಂಕಿ, ಮತ್ತು ಮೋಡೆಮ್ ವಾಪಸ್ ಕಳಿಸಲು ಎಷ್ಟು ಜೋರಾಗಿ ಕೂಗಬೇಕಾಗಿದೆ ಅನ್ನುವುದು. ಬರುವ ಬಲ ಸೊನ್ನೆಯ ಆಚೀಚೆ 7 ಡಿಬಿಎಂವಿ ಒಳಗಿದ್ದರೆ ಚೆನ್ನ. ಗದ್ದಲದ ಅಂಕಿ 33 ಡಿಬಿಗಿಂತ ಮೇಲಿರಬೇಕು. ಕಳಿಸುವ ಬಲ 50 ದಾಟಬಾರದು.

ಈ ಮನೆಯಲ್ಲಿ ಬರುವ ಬಲ ಮೈನಸ್ 13. ಗದ್ದಲದ ಅಂಕಿ 31. ಕಳಿಸುವ ಬಲ 53. ಮೋಡೆಮ್ ಗಂಟಲು ಹರಿಯುವಂತೆ ಕೂಗುತ್ತಿದೆ, ಆ ಕಡೆಯ ಯಂತ್ರಕ್ಕೆ ಅರ್ಧಂಬರ್ಧ ಕೇಳುತ್ತಿದೆ. ಸೊಸೆಯ ಮಾತು ತುಂಡಾಗುತ್ತಿದ್ದದ್ದರಲ್ಲಿ ಇದರ ಪಾಲೂ ಇತ್ತು. ಕಾಲ್‌ನಲ್ಲಿ ಅವರಿಗೆ ಬೇರೆಯವರ ಮಾತು ಸರಿಯಾಗೇ ಕೇಳುತ್ತಿತ್ತು ಅನ್ನುವುದನ್ನು ಗಮನಿಸಿ. ಕೆಳಬರುವ ದಾರಿ ಹೇಗೋ ನಡೆದಿತ್ತು, ಮೇಲೆ ಹೋಗುವ ದಾರಿ ಕೆಟ್ಟಿತ್ತು. ಯಾರಾದರೂ "ನನಗೆ ಎಲ್ಲಾ ಕೇಳುತ್ತೆ, ಅವರಿಗೆ ನಂದು ಕೇಳಲ್ಲ" ಅಂದರೆ ನಾನು ಮೊದಲು ನೋಡುವುದು ಈ ಕಳಿಸುವ ಬಲದ ಅಂಕಿಯನ್ನೇ.

ಮಾಳಿಗೆ ಹತ್ತಿದೆವು. ಕಂಬದಿಂದ ಬಂದ ವೈರು ಪ್ಯಾರಪೆಟ್ ಗೋಡೆಯ ಮೇಲೆ ಒಂದು ನಾಲ್ಕು ಕವಲಿನ ಸ್ಪ್ಲಿಟರಿಗೆ ಸೇರುತ್ತದೆ. ಒಂದು ಕಾಲದಲ್ಲಿ ಮನೆಯಲ್ಲಿ ಮೂರು ಟಿವಿ ಇದ್ದವು. ಈಗ ಇರುವುದು ಒಂದು. ಎರಡು ಕವಲು ಸುಮ್ನೆ ಬಾಯಿ ತೆರೆದುಕೊಂಡಿದ್ದವು. ಇಲ್ಲಿ ನಲ್ಲಿಯ ಲೆಕ್ಕ ನಡೆಯುವುದಿಲ್ಲ. ನಲ್ಲಿಯಾದರೆ ಬಂದ್ ಮಾಡಿದ ಟ್ಯಾಪಿನಿಂದ ನೀರು ಹೋಗಲ್ಲ. ಸ್ಪ್ಲಿಟರು ಹಾಗಲ್ಲ, ಯಾರೂ ಬಳಸದ ಕವಲಿಗೂ ಅದರ ಪಾಲು ಕೊಟ್ಟೇ ಕೊಡುತ್ತದೆ. ಎರಡು ಕವಲಿನದರಲ್ಲಿ ಪ್ರತಿ ಕವಲಿಗೆ ಸುಮಾರು 3.5 ಡಿಬಿ ನಷ್ಟ, ನಾಲ್ಕರದರಲ್ಲಿ 7. ಮೂರು ಡಿಬಿ ಹೋದರೆ ಶಕ್ತಿ ಅರ್ಧ ಆಯಿತು ಅಂತ ಲೆಕ್ಕ. ಇಲ್ಲಿ ಸ್ಪ್ಲಿಟರೊಂದರಲ್ಲೇ ಐದರಲ್ಲಿ ನಾಲ್ಕು ಪಾಲು ಕಳೆದುಹೋಗುತ್ತಿತ್ತು. ಮೇಲಾಗಿ ಆ ತೆರೆದ ಬಾಯಿಗಳಿಂದ ಹೊರಗಿನ ಗದ್ದಲ ಒಳಗೆ ನುಗ್ಗುತ್ತದೆ.

ಮೋಡೆಮ್‌ಗೆ ಹೋಗುವ ವೈರಿನ ತಿರುಪು ಬಿಚ್ಚಿದರೆ ಒಂದು ಹನಿ ನೀರು ಬೆರಳ ಮೇಲೆ ಬಿತ್ತು. ಒಳಗಿನ ತಾಮ್ರದ ಎಳೆ ಹಸಿರುಗಟ್ಟಿತ್ತು. ಹೊರಗಿನ ಜಾಳಿಗೆ ಮುಟ್ಟಿದರೆ ಪುಡಿಯಾಗಿ ಉದುರಿತು. ಕನೆಕ್ಟರನ್ನು ವೈರಿಗೆ ತಿರುಗಿಸಿ ಸಿಕ್ಕಿಸಿದ್ದರು, ಒತ್ತಿ ಕೂರಿಸಿರಲಿಲ್ಲ. ವೈರು ಮೇಲಿನಿಂದ ಇಳಿದು ಸೀದಾ ಸ್ಪ್ಲಿಟರಿಗೆ ಹೋಗುವುದರಿಂದ ಮಳೆನೀರು ಅದನ್ನೇ ಹಿಡಿದುಕೊಂಡು ಒಳಗೆ ಇಳಿಯುತ್ತಿತ್ತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ದಿನಗಟ್ಟಲೆ ಹಿಡಿದುಕೊಂಡರೆ ಬಿಡಲ್ಲ. "ಮಳಿ ಹತ್ತಿದರ ಕೇಳೂದ ಬ್ಯಾಡ" ಅಂತ ಮಾಸ್ತರ್ರು ಅಂದದ್ದಕ್ಕೆ ಕಾರಣ ಇಲ್ಲಿತ್ತು.

ವೈರು ಕೂಡ ಹಳೇದು, ಆರ್‌ಜಿ 59. ಟಿವಿಗೆ ನಡೆದುಹೋಗುತ್ತದೆ. ಇಂಟರ್ನೆಟ್ ಬರುವ ಮೇಲಿನ ತರಂಗಾಂತರಗಳಲ್ಲಿ ಉದ್ದಕ್ಕೂ ಹೆಚ್ಚು ಸೋರುತ್ತದೆ. ಆರ್‌ಜಿ 6 ಅದಕ್ಕಿಂತ ದಪ್ಪ, ಹೊದಿಕೆಯೂ ಗಟ್ಟಿ.

ಕೇಬಲ್‌ನವರ ಹುಡುಗನನ್ನು ಕರೆಸಿ ಅವನ ಕೈಯಲ್ಲೇ ಮಾಡಿಸಿದೆವು. ಇದು ಮುಖ್ಯ. ಕಂಬದಿಂದ ಮನೆವರೆಗಿನ ವೈರು ಅವರದು, ನಾವು ಕೈಹಾಕಿದರೆ ನಾಳೆ ಯಾವ ದೂರಿಗೂ ಅದೇ ನೆವ ಆಗುತ್ತದೆ. ನಾಲ್ಕರ ಸ್ಪ್ಲಿಟರು ಹೋಗಿ ಎರಡರದು ಬಂತು. ಒಂದು ಕವಲು ಟಿವಿಗೆ, ಒಂದು ಸೀದಾ ಮೋಡೆಮ್‌ಗೆ, ನಡುವೆ ಯಾವ ಜೋಡಣೆಯೂ ಇಲ್ಲ. ಹೊಸ ಆರ್‌ಜಿ 6 ವೈರು, ಒತ್ತಿ ಕೂರಿಸುವ ಕನೆಕ್ಟರು. ಸ್ಪ್ಲಿಟರಿಗೆ ಪ್ಲಾಸ್ಟಿಕ್ ಡಬ್ಬಿ. ವೈರು ಒಳಗೆ ಹೋಗುವ ಮೊದಲು ಕೆಳಗೆ ಒಂದು ಬಾಗು ಬಿಟ್ಟು ಮೇಲೆ ತಿರುಗಿಸಿದ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. ಹುಡುಗ ಕೆಲಸ ಬಲ್ಲವನು. ಕೇಳಿದರೆ ಮಾಡುತ್ತಾನೆ, ಕೇಳದಿದ್ದರೆ ಟೇಪು ಸುತ್ತಿ ಹೋಗುತ್ತಾನೆ, ಅಷ್ಟೇ ವ್ಯತ್ಯಾಸ.

ಇಳಿದು ಬಂದು ಅದೇ ಪುಟ ತೆಗೆದರೆ ಬರುವ ಬಲ ಮೈನಸ್ 5, ಗದ್ದಲದ ಅಂಕಿ 36, ಕಳಿಸುವ ಬಲ 46. ಹಳೇ ಡಬ್ಬಿಯೇ ಇನ್ನೂ. ಅಂದು ಸಂಜೆ ನೆಟ್ ಒಮ್ಮೆಯೂ ಹೋಗಲಿಲ್ಲ. ಮಾಸ್ತರ್ರಿಗೆ ಸ್ವಲ್ಪ ಬೇಜಾರೇ ಆಯಿತು ಅನ್ನಬೇಕು. ಮಗ ತಂದ ಡಬ್ಬಿ ಹಚ್ಚುವ ಮೊದಲೇ ಅರ್ಧ ಕೆಲಸ ಮುಗಿದಿತ್ತು.

ಅಮೆರಿಕದ ಡಬ್ಬಿ

ಅದು ಮೋಡೆಮ್ ಆಗಿ ಇಲ್ಲಿ ನಡೆಯಲಿಲ್ಲ. ನಡೆಯುವ ಹಾಗೂ ಇರಲಿಲ್ಲ. ಕೇಬಲ್ ಮೋಡೆಮ್ಮನ್ನು ಅಂಗಡಿಯಿಂದ ತಂದು ಸಿಕ್ಕಿಸಿದ ಕೂಡಲೇ ನೆಟ್ ಬರುವುದಿಲ್ಲ. ಅದರ ಹಿಂದೆ ಅಂಟಿಸಿರುವ ಮ್ಯಾಕ್ ಸಂಖ್ಯೆ ಕೇಬಲ್ ಕಂಪನಿಯ ಪಟ್ಟಿಯಲ್ಲಿರಬೇಕು. ಮೋಡೆಮ್ ಆನ್ ಆದಾಗ ಆ ಕಡೆಯ ಯಂತ್ರ ಆ ಸಂಖ್ಯೆ ನೋಡಿ, ಇವರ ಪ್ಲಾನ್ ಯಾವುದು, ಎಷ್ಟು ಸ್ಪೀಡ್ ಬಿಡಬೇಕು ಅನ್ನುವ ಫೈಲನ್ನು ಕಳಿಸುತ್ತದೆ. ಅಮೆರಿಕದಲ್ಲಿ ಗಿರಾಕಿಗಳು ತಮ್ಮದೇ ಮೋಡೆಮ್ ಕೊಂಡು ಆ ಸಂಖ್ಯೆಯನ್ನು ಕಂಪನಿಗೆ ತಿಳಿಸುವ ರೂಢಿ ಇದೆ. ತಿಂಗಳ ಬಾಡಿಗೆ ಉಳಿಯುತ್ತದೆ ಅಂತ ಅಲ್ಲಿ ಅದು ಒಳ್ಳೆಯ ಲೆಕ್ಕ. ಕಿರಿಮಗ ಅದೇ ಲೆಕ್ಕದಲ್ಲಿ ತಂದಿದ್ದ. ಇಲ್ಲಿ ಹುಡುಗ ಒಂದೇ ಮಾತಿನಲ್ಲಿ ಮುಗಿಸಿದ: "ಸರ್ರ, ಹೊರಗಿನ ಮೋಡೆಮ್ಮು ನಮ್ಮ ಸಿಸ್ಟಮ್‌ನ್ಯಾಗ ಏರೂದಿಲ್ರಿ."

ಏರಿಸಿದ್ದರೂ ಪ್ರಯೋಜನ ಇರಲಿಲ್ಲ. ಅಮೆರಿಕದ ಡಾಕ್ಸಿಸ್ ಚಾನೆಲ್ 6 ಮೆಗಾಹರ್ಟ್ಸ್ ಅಗಲ, ಈ ಕೇಬಲ್‌ನವರದು ಯುರೋಪ್ ಮಾದರಿಯ 8. ಮೇಲೆ ಹೋಗುವ ದಾರಿಯ ವ್ಯಾಪ್ತಿಯೂ ಬೇರೆ. ಅಲ್ಲಿನ ಹಳೇ ರೂಢಿ 42 ಮೆಗಾಹರ್ಟ್ಸ್‌ವರೆಗೆ, ಯುರೋಪಿನದು 65ರವರೆಗೆ. ಎರಡೂ ಮಾದರಿ ಬಲ್ಲ ಡಬ್ಬಿಗಳೂ ಇವೆ, ಆದರೆ ಇದು ಅದಲ್ಲ.

ಇನ್ನೊಂದು, ಅಡಾಪ್ಟರು. ಅದರ ಮೇಲೆ 120 ವೋಲ್ಟ್, 60 ಹರ್ಟ್ಸ್ ಅಂತ ಮಾತ್ರ ಇತ್ತು. ನಮ್ಮದು 230. ಪಿನ್ ಬದಲಿಸುವ ಅಗ್ಗದ ಸಾಕೆಟ್ಟಿಗೆ ಸಿಕ್ಕಿಸಿ ಸ್ವಿಚ್ ಒತ್ತಿದ್ದರೆ ಹೊಗೆ ಬರುತ್ತಿತ್ತು. ಮೊಮ್ಮಗ ಅಂಥ ಸಾಕೆಟ್ಟನ್ನು ಆಗಲೇ ತಂದಿಟ್ಟಿದ್ದ! ಹೊರಗಿನಿಂದ ಬಂದ ಯಾವ ಸಾಮಾನಿಗೂ ಮೊದಲು ಅಡಾಪ್ಟರಿನ ಸಣ್ಣಕ್ಷರ ಓದಿ. 100 ರಿಂದ 240 ಅಂತ ಇದ್ದರೆ ಮಾತ್ರ ಮುಂದಿನ ಮಾತು.

ಹಾಗಂತ ಡಬ್ಬಿಯನ್ನು ಅಟ್ಟಕ್ಕೆ ಹಾಕಲಿಲ್ಲ. ಅದರ ವಿಷಯ ಆಮೇಲೆ ಬರುತ್ತದೆ.

ಯಾವುದನ್ನು ಆರಿಸಿದೆವು

ನಿಮ್ಮ ಓಣಿಗೆ ಫೈಬರ್ ಬಂದಿದ್ದರೆ ಇಷ್ಟೆಲ್ಲಾ ಯೋಚನೆ ಬೇಡ, ಅದನ್ನೇ ತಗೊಳ್ಳಿ. ಅದಕ್ಕೆ ಬರುವ ಡಬ್ಬಿಯೇ ಬೇರೆ, ಸಾಮಾನ್ಯವಾಗಿ ಹಸಿರು ಕ್ಲಿಪ್ಪಿನ ತೆಳು ವೈರು. ಫೋನ್ ಲೈನಿನ ಹಳೇ ಮೋಡೆಮ್ ಇನ್ನೊಂದು ಬಗೆ. ತಿರುಪಿನ ಕೇಬಲ್ಲಿಗೆ ಇವೆರಡೂ ಬರಲ್ಲ. ಈ ಮನೆಯ ಓಣಿಗೆ ಫೈಬರ್ ಇನ್ನೂ ಬಂದಿರಲಿಲ್ಲ. ಕೇಳಿದವರೆಲ್ಲ "ಬರ್ತದ್ರಿ, ಮುಂದಿನ ತಿಂಗಳು" ಅನ್ನುತ್ತಿದ್ದರು.

ಉಳಿದದ್ದು ಎರಡು ದಾರಿ. ಕೇಬಲ್‌ನವರಿಂದ ಬರೀ ಮೋಡೆಮ್ ಪಡೆದು, ರೂಟರನ್ನು ಹುಬ್ಬಳ್ಳಿ ಕೊಪ್ಪೀಕರ್ ರಸ್ತೆ ಕಡೆ ಹೋಗಿ ನಾವೇ ಕೊಳ್ಳುವುದು. ಇಲ್ಲ, ಅವರದೇ ಜೋಡಿ ಡಬ್ಬಿಯನ್ನು ಡಿಪಾಜಿಟ್ ಕಟ್ಟಿ ಪಡೆಯುವುದು.

ಹಿರಿಮಗನ ಒಲವು ಮೊದಲನೆಯದಕ್ಕೆ. ಅವನ ವಾದದಲ್ಲೂ ಹುರುಳಿತ್ತು. ವೈಫೈ ಬೇಗ ಬೇಗ ಬದಲಾಗುತ್ತದೆ, ಮೋಡೆಮ್ ಅಷ್ಟು ಬೇಗ ಬದಲಾಗಲ್ಲ. ಬೇರೆ ಬೇರೆ ಇದ್ದರೆ ಒಂದನ್ನೇ ಬದಲಿಸಬಹುದು. ನಾಳೆ ಫೈಬರ್ ಬಂದರೂ ರೂಟರ್ ಉಳಿಯುತ್ತದೆ. ಅದೂ ಅಲ್ಲದೆ ಕೇಬಲ್ ಮೋಡೆಮ್ಮಿನ ಸಾಫ್ಟ್‌ವೇರನ್ನು ನಾವು ಅಪ್‌ಡೇಟ್ ಮಾಡಲು ಬರುವುದಿಲ್ಲ, ಕೇಬಲ್ ಕಂಪನಿಯೇ ತನ್ನ ಕಡೆಯಿಂದ ಹಾಕಬೇಕು. ಜೋಡಿ ಡಬ್ಬಿಯಾದರೆ ರೂಟರಿನ ಭಾಗವೂ ಅವರ ಕೈಯಲ್ಲೇ. ಅವರು ವರ್ಷಗಟ್ಟಲೆ ಹಾಕದಿದ್ದರೆ ನಾವು ಕೂತು ನೋಡಬೇಕು.

ನಾನು ಎರಡನೆಯದಕ್ಕೇ ಹೇಳಿದೆ. ಕಾರಣ ತಾಂತ್ರಿಕಕ್ಕಿಂತ ಮನೆಯದು. ಹಗಲು ಮನೆಯಲ್ಲಿ ಇರುವವರು ಮಾಸ್ತರ್ರು, ಅವರ ಹೆಂಡತಿ, ಮತ್ತು ಕಾಲ್‌ನಲ್ಲಿ ಮುಳುಗಿರುವ ಸೊಸೆ. ನೆಟ್ ಹೋದಾಗ ಎರಡು ಡಬ್ಬಿ, ಎರಡು ಅಡಾಪ್ಟರು, ಯಾವುದನ್ನು ಮೊದಲು ಆರಿಸಬೇಕು ಅನ್ನುವ ಪ್ರಶ್ನೆ ಬರುತ್ತದೆ. ಕೇಬಲ್‌ನವರಿಗೆ ಫೋನ್ ಮಾಡಿದರೆ "ಮೋಡೆಮ್ ಸರಿ ಐತ್ರಿ, ನಿಮ್ಮ ರೂಟರ್ ನೋಡಿಸ್ಕೋರಿ" ಅನ್ನುವುದು ಖಂಡಿತ. ಒಂದೇ ಡಬ್ಬಿ, ಅದೂ ಅವರದೇ ಆದರೆ ಆ ಮಾತಿಗೆ ಜಾಗವಿಲ್ಲ. ಮನೆಯಲ್ಲಿ ಇಂಥದ್ದು ಗೊತ್ತಿರುವವರು ಹಗಲೆಲ್ಲ ಇದ್ದರೆ ನನ್ನ ಸಲಹೆ ತಿರುಗುಮುರುಗಾಗುತ್ತಿತ್ತು.

ಅವರಲ್ಲಿದ್ದದ್ದು ಡಾಕ್ಸಿಸ್ 3.0, 8 ಚಾನೆಲ್ ಕೆಳಗೆ, 4 ಮೇಲೆ. ಹಿರಿಮಗನಿಗೆ 24ರ ಪಕ್ಕ 8 ಸಪ್ಪೆ ಅನ್ನಿಸಿತು. ಲೆಕ್ಕ ಹಾಕಿ ನೋಡಿ. ಎಂಟು ಚಾನೆಲ್, ತಲಾ 50 ಅಂದರೆ 400. ಪ್ಲಾನು 100. ಚಾನೆಲ್ ಜಾಸ್ತಿ ಇದ್ದರೆ ಸಂಜೆ ಜನಸಂದಣಿಯಲ್ಲಿ ಸ್ವಲ್ಪ ಅನುಕೂಲ ಹೌದು, ಒಂದರಲ್ಲಿ ಜಾಗವಿಲ್ಲದಿದ್ದರೆ ಇನ್ನೊಂದು ಸಿಗುತ್ತದೆ. ಆದರೆ ಆ ಕಡೆಯವರು ಬಿಡುವ ಚಾನೆಲ್ಲೇ ಎಂಟಾದರೆ 24ರ ಡಬ್ಬಿ ಇಟ್ಟು ಪೂಜೆ ಮಾಡಬೇಕಷ್ಟೇ. ನಾವು ಕೇಳಿದ ಪ್ರಶ್ನೆಗಳು ಬೇರೆ. ವೈಫೈ ಎರಡೂ ಬ್ಯಾಂಡಿನದಾ, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್? ಹೌದು. ಲ್ಯಾನ್ ಪೋರ್ಟ್ ಗಿಗಾಬಿಟ್‌ದಾ? ಹೌದು. ರಸೀದಿಯಲ್ಲಿ ಡಿಪಾಜಿಟ್ ವಾಪಸ್ ಕೊಡುವುದಾಗಿ ಬರೆದುಕೊಡುತ್ತೀರಾ? ಸ್ವಲ್ಪ ತಡವರಿಸಿ, ಹೌದು. ಬ್ರಿಜ್ ಮೋಡ್, ಅಂದರೆ ಡಬ್ಬಿಯ ರೂಟರ್ ಭಾಗ ಬಂದ್ ಮಾಡಿ ಬರೀ ಮೋಡೆಮ್ ಆಗಿಸುವುದು, ಕೊಡುತ್ತೀರಾ, ನಾಳೆ ನಮ್ಮದೇ ರೂಟರ್ ಹಾಕಿಕೊಂಡರೆ? ಫೋನ್ ಮಾಡಿದರೆ ಮಾಡಿಕೊಡುತ್ತೇವೆ ಅಂದರು. ಈ ಕೊನೆಯ ಉತ್ತರ ಸಿಕ್ಕ ಮೇಲೆ ಹಿರಿಮಗನೂ ಒಪ್ಪಿದ.

ಜಾಗ

ಹಳೇ ಡಬ್ಬಿ ಪಡಸಾಲೆಯ ಶೋಕೇಸಿನೊಳಗಿತ್ತು. ಮುಂದೆ ಟಿವಿ, ಹಿಂದೆ ಶೋಕೇಸಿನ ಕನ್ನಡಿ, ಆಮೇಲೆ ಕಲ್ಲಿನ ಗೋಡೆ. ಕನ್ನಡಿಯ ಹಿಂದಿನ ಲೋಹದ ಲೇಪ ವೈಫೈಯನ್ನು ವಾಪಸ್ ಒದೆಯುತ್ತದೆ. ಅರ್ಧ ಸಿಗ್ನಲ್ ಬೀದಿಗೆ ಹೋಗುತ್ತಿತ್ತು. ಮನೆ ಮುಂದೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಸಿಗ್ನಲ್ ಭರ್ಜರಿ!

ಕೇಬಲ್ ಬರುವ ಕಡೆಯೇ ಡಬ್ಬಿ ಇಡಬೇಕು ಅಂತ ನಿಯಮ ಏನೂ ಇಲ್ಲ. ಹೇಗೂ ಮಾಳಿಗೆಯಿಂದ ಹೊಸ ವೈರು ಎಳೆಯುತ್ತಿದ್ದೆವು, ಅದನ್ನು ಮೆಟ್ಟಿಲ ಬಾಯಿಯಿಂದ ನಡುಮನೆಗೆ ಇಳಿಸಿದೆವು. ತಲೆಗಿಂತ ಸ್ವಲ್ಪ ಎತ್ತರದಲ್ಲಿ ಒಂದು ಕಟ್ಟಿಗೆ ಹಲಗೆ, ಅದರ ಮೇಲೆ ಡಬ್ಬಿ. ಅಲ್ಲಿಂದ ಪಡಸಾಲೆ, ಅಡಿಗೆಮನೆ, ಮಾಸ್ತರ್ರ ಕೋಣೆ ಮೂರಕ್ಕೂ ನಡುವೆ ಒಂದೊಂದೇ ಗೋಡೆ, ಅದೂ ಬಾಗಿಲಿರುವ ಗೋಡೆ. ಮಾಸ್ತರ್ರ ಹೆಂಡತಿ ಆ ಹಲಗೆಯ ಮೇಲೆ ಉಪ್ಪಿನಕಾಯಿ ಭರಣಿ ಇಡಬಹುದಾ ಅಂತ ಕೇಳಿದರು. ಡಬ್ಬಿ ಬಿಸಿಯಾಗುತ್ತದೆ, ಗಾಳಿ ಬೇಕು, ಬೇಡ ಅಂದೆ. ಅವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ.

ಮೊದಲ ಸಲ ಆನ್ ಮಾಡಿದಾಗ ದೀಪಗಳನ್ನು ನೋಡುತ್ತಾ ಕೂರಬೇಕು. ಕೆಳಬರುವ ಚಾನೆಲ್ ಹುಡುಕುವಾಗ ಒಂದು ದೀಪ ಮಿಣುಕುತ್ತದೆ, ಸಿಕ್ಕಮೇಲೆ ನಿಲ್ಲುತ್ತದೆ. ಆಮೇಲೆ ಮೇಲೆ ಹೋಗುವುದರ ದೀಪ. ಕೊನೆಗೆ ಆನ್‌ಲೈನ್ ದೀಪ. ನಡುವೆ ಡಬ್ಬಿ ತಾನೇ ಸಾಫ್ಟ್‌ವೇರ್ ಇಳಿಸಿಕೊಂಡು ರೀಸ್ಟಾರ್ಟ್ ಆಗಬಹುದು. ಬರಲಿಲ್ಲ ಅಂತ ಸ್ವಿಚ್ ಆರಿಸಿ ಹಾಕಬೇಡಿ. ಮೊದಲ ದೀಪದಲ್ಲೇ ನಿಂತರೆ ವೈರು ಅಥವಾ ಸ್ಪ್ಲಿಟರಿನ ತೊಂದರೆ. ಎರಡನೆಯದರಲ್ಲಿ ನಿಂತರೆ ವಾಪಸ್ ಹೋಗುವ ದಾರಿ ಕೆಟ್ಟಿದೆ. ಎರಡೂ ನಿಂತು ಆನ್‌ಲೈನ್ ಬರದಿದ್ದರೆ ಹೆಚ್ಚಾಗಿ ಮ್ಯಾಕ್ ಸಂಖ್ಯೆ ಪಟ್ಟಿಗೆ ಏರಿಲ್ಲ. ಇಲ್ಲಿ ಆದದ್ದು ಅದೇ, ಹುಡುಗ ಫೋನಿನಲ್ಲಿ ಸೊನ್ನೆಗೆ ಓ ಅಂತ ಹೇಳಿಬಿಟ್ಟಿದ್ದ. ಮ್ಯಾಕ್ ಸಂಖ್ಯೆಯಲ್ಲಿ ಎ ಯಿಂದ ಎಫ್‌ವರೆಗಿನ ಅಕ್ಷರ ಬಿಟ್ಟರೆ ಬೇರೆ ಅಕ್ಷರ ಇರುವುದೇ ಇಲ್ಲ. ಓ ಅಂತ ಕಂಡದ್ದೆಲ್ಲ ಸೊನ್ನೆಯೇ.

ಸೆಟ್ಟಿಂಗು

ಡಬ್ಬಿಯ ಒಳಪುಟ 192.168.0.1. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆವು. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಹೊಸ ಡಬ್ಬಿ ಬಂದ ಮೇಲೆ ಬಹಳ ಮನೆಗಳಲ್ಲಿ ಇದು ಅಡ್ಮಿನ್, ಅಡ್ಮಿನ್ ಅಂತಲೇ ಉಳಿದಿರುತ್ತದೆ. ಭದ್ರತೆ ಡಬ್ಲ್ಯೂಪಿಎ 2. ಬಟನ್ ಒತ್ತಿ ಜೋಡಿಸುವ ಡಬ್ಲ್ಯೂಪಿಎಸ್ ಬಂದ್. ಹೊರಗಿನಿಂದ ಡಬ್ಬಿಯ ಪುಟ ತೆರೆಯುವ ಸೌಲಭ್ಯವೂ ಬಂದ್.

ಫೋನಿನಲ್ಲಿ ಅಕ್ಕಪಕ್ಕದ ವೈಫೈಗಳನ್ನು ನೋಡಿದರೆ 2.4ರಲ್ಲಿ ಪಕ್ಕದ ಮನೆಗಳೆಲ್ಲ 1 ಮತ್ತು 11ನೇ ಚಾನೆಲ್‌ನಲ್ಲಿ ಕಿಕ್ಕಿರಿದಿದ್ದವು. ಒಂದರ ಮೇಲೊಂದು ಬೀಳದೆ ನಡೆಯುವುದು 1, 6, 11 ಮೂರೇ. ಆರಕ್ಕೆ ಹಾಕಿದೆವು, ಅಗಲ 20 ಮೆಗಾಹರ್ಟ್ಸ್. 40ಕ್ಕೆ ಹಾಕಿದರೆ ಸ್ಪೀಡ್ ಜಾಸ್ತಿ ಅಂತ ಬರೆದಿರುತ್ತಾರೆ, ಒತ್ತೊತ್ತಾದ ಓಣಿಯಲ್ಲಿ ಅದರಿಂದ ಜಗಳವೇ ಜಾಸ್ತಿ. ಮಾಸ್ತರ್ರ ಫೋನು ಮತ್ತು ಪ್ರಿಂಟರು 2.4ರವು ಮಾತ್ರ. ಉಳಿದದ್ದೆಲ್ಲ 5ಕ್ಕೆ. ಮೊಮ್ಮಗನ ಗೆಳೆಯರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಟ್ಟೆವು. ಅವರ ಫೋನುಗಳಲ್ಲಿ ಏನೇನಿದೆಯೋ, ಸೊಸೆಯ ಆಫೀಸ್ ಲ್ಯಾಪ್‌ಟಾಪ್ ಇರುವ ಕಡೆ ಅವು ಬೇಡ.

ಹಿರಿಮಗನಿಗೆ ಮನೆ ಕ್ಯಾಮೆರಾವನ್ನು ಹೊರಗಿನಿಂದ ಸೀದಾ ನೋಡುವ ಆಸೆಯಿತ್ತು, ಪೋರ್ಟ್ ತೆರೆದುಕೊಡಿ ಅಂದ. ಡಬ್ಬಿಯ ಹೊರಗಿನ ವಿಳಾಸ ನೋಡಿದರೆ 100.72 ಅಂತ ಶುರುವಾಗುತ್ತಿತ್ತು. 100.64 ರಿಂದ 100.127ರವರೆಗಿನ ವಿಳಾಸ ಬಂದರೆ ಕಂಪನಿ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಹಂಚಿದೆ ಅಂತ ಅರ್ಥ. ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲು ಆಗಲ್ಲ. ಕ್ಯಾಮೆರಾ ಕಂಪನಿಯ ಆ್ಯಪಿನಿಂದಲೇ ನೋಡು ಅಂದೆ.

ಮಹಡಿ

ಇಷ್ಟಾದರೂ ಮಹಡಿಯ ಹಿಂದಿನ ಕೋಣೆಗೆ 18 ಎಂಬಿಪಿಎಸ್ ಮಾತ್ರ. ಸ್ಲ್ಯಾಬಿನೊಳಗಿನ ಕಬ್ಬಿಣ ಮತ್ತು ಓರೆಯಾಗಿ ದಾಟಬೇಕಾದ ಗೋಡೆ. ಇಲ್ಲಿ ಅಮೆರಿಕದ ಡಬ್ಬಿಗೆ ಎರಡನೇ ಜನ್ಮ ಸಿಕ್ಕಿತು.

ಒಂದು ಅಡಚಣೆ ಇತ್ತು. ಸಾದಾ ರೂಟರಿನಲ್ಲಿ ಇಂಟರ್ನೆಟ್ ಒಳಗೆ ಬರಲು ವ್ಯಾನ್ ಪೋರ್ಟ್ ಇರುತ್ತದೆ. ಈ ಜೋಡಿ ಡಬ್ಬಿಯಲ್ಲಿ ಅದಿಲ್ಲ, ಒಳಗೆ ಬರುವುದು ಕೇಬಲ್ ತಿರುಪಿನಿಂದ ಮಾತ್ರ. ಹಾಗಾಗಿ ಅದು ರೂಟರ್ ಆಗಲ್ಲ, ಆದರೆ ಆಕ್ಸೆಸ್ ಪಾಯಿಂಟ್ ಆಗಬಲ್ಲದು, ಅಂದರೆ ಲ್ಯಾನ್ ವೈರಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹಂಚಬಲ್ಲದು. ಡಬ್ಬಿಗೆ ಬೇಕಾದದ್ದು 12 ವೋಲ್ಟ್ ಡಿಸಿ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಜಾಸ್ತಿ ಆಂಪಿಯರಿನ, ಅದೇ ಪಿನ್ನಿನ ಅಡಾಪ್ಟರನ್ನು ಇಲ್ಲೇ ಕೊಂಡೆವು. ಆಮೇಲೆ ಅದನ್ನು ಮೊದಲು ಒಂಟಿಯಾಗಿ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಯಾಕಂದರೆ ಅದರ ವಿಳಾಸವೂ 192.168.0.1. ಎರಡನ್ನೂ ಹಾಗೇ ಸೇರಿಸಿದರೆ ಒಂದೇ ಮನೆ ನಂಬರಿನ ಎರಡು ಡಬ್ಬಿಯಾಗಿ ಎಲ್ಲಾ ಕಲಸುಮೇಲೋಗರ. ಅದರ ವಿಳಾಸವನ್ನು 192.168.0.2 ಮಾಡಿ, ಕೆಳಗಿನ ಡಬ್ಬಿ ಹಂಚುವ ವಿಳಾಸಗಳ ಸಾಲಿನಿಂದ ಆ ವಿಳಾಸವನ್ನು ಹೊರಗಿಟ್ಟು, ಮೇಲಿನದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಬಂದ್ ಮಾಡಿದೆವು. ಮನೆಯಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು.

ಕೆಳಗಿನ ಡಬ್ಬಿಯ ಲ್ಯಾನ್ ಪೋರ್ಟಿನಿಂದ ಮೇಲಿನದರ ಲ್ಯಾನ್ ಪೋರ್ಟಿಗೆ ಕ್ಯಾಟ್ 6 ವೈರು. ಹಳೇ ಫೋನಿನ ಪೈಪು ಮೆಟ್ಟಿಲ ಪಕ್ಕದಲ್ಲೇ ಮೇಲೆ ಹೋಗಿತ್ತು, ಅದರಲ್ಲೇ ತೂರಿಸಿದೆವು. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ, ಚಾನೆಲ್ ಮಾತ್ರ ಬೇರೆ. ಸೊಸೆಯ ಮೇಜಿನ ಮೇಲೆ ವೈಫೈಯಲ್ಲೇ 90 ಬಂತು. ಲ್ಯಾಪ್‌ಟಾಪಿಗೆ ಲ್ಯಾನ್ ವೈರನ್ನೇ ಹಾಕಿಕೊಳ್ಳಿ ಅಂದೆ. ಕಾಲ್ ಮಾಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಅವರು ಹಾಕಿಕೊಂಡರು.

ರಿಪೀಟರ್ ಹಾಕಿದ್ದರೆ ಇಷ್ಟು ರಗಳೆ ಇರಲಿಲ್ಲ ಅಂತ ಅನ್ನಿಸಬಹುದು. ಅಗ್ಗದ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುತ್ತದೆ, ಸ್ಪೀಡ್ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ. ವೈರು ಎಳೆಯಲು ಆಗದ ಮನೆಗೆ ಮಾತ್ರ ಅದು.

ಕರೆಂಟು, ಗುಡುಗು

ಎರಡು ಡಬ್ಬಿಗೂ ಒಂದೊಂದು 12 ವೋಲ್ಟಿನ ಮಿನಿ ಯುಪಿಎಸ್ ಇಟ್ಟೆವು. ಇದರ ಬಗ್ಗೆ ಮಾಸ್ತರ್ರಿಗೆ ಮೊದಲೇ ಹೇಳಿದ್ದೆ. ಕೇಬಲ್ ನೆಟ್ಟಿಗೆ ಕಂಬದ ಮೇಲೆ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೂ ಕರೆಂಟು ಬೇಕು. ಇಡೀ ಓಣಿಯ ಕರೆಂಟು ಹೋದರೆ ಅಲ್ಲಿನ ಬ್ಯಾಟರಿ ಇರುವಷ್ಟು ಹೊತ್ತು ನೆಟ್, ಆಮೇಲೆ ನಿಮ್ಮ ಯುಪಿಎಸ್ ಇದ್ದೂ ಇಲ್ಲ. ಒಂದೆರಡು ನಿಮಿಷದ ಕಣ್ಣುಮುಚ್ಚಾಲೆಗೆ ಮಾತ್ರ ಅದು ಗ್ಯಾರಂಟಿ. ಓಣಿಯ ನಡುವೆ ಆಂಪ್ಲಿಫೈಯರ್ ಬೇಡದ ಫೈಬರಿಗೆ ಈ ಕಾಟ ಕಡಿಮೆ.

ಏಪ್ರಿಲ್ ಮೇ ತಿಂಗಳ ಅಡ್ಡಮಳೆಯ ಗುಡುಗು ಇನ್ನೊಂದು ಲೆಕ್ಕ. ಪ್ಲಗ್ ಕಿತ್ತರೆ ಸಾಲದು, ಸಿಡಿಲಿನ ಹೊಡೆತ ಕೇಬಲ್ ವೈರಿನಲ್ಲೂ ಬರುತ್ತದೆ. ಮಾಳಿಗೆಯಲ್ಲಿ ವೈರಿಗೆ ಅರ್ಥಿಂಗ್ ತುಂಡು ಹಾಕಿಸಿದೆವು. ಮೋಡ ಕವಿಯುತ್ತಲೇ, ಗುಡುಗು ಕೇಳುವ ಮೊದಲೇ ಪ್ಲಗ್ ಕಿತ್ತು, ಡಬ್ಬಿಯ ಹಿಂದಿನ ತಿರುಪನ್ನೂ ಬಿಚ್ಚಿಡಬೇಕು ಅಂತ ಮಾಸ್ತರ್ರಿಗೆ ಒಪ್ಪಿಸಿದೆವು. ಗುಡುಗು ಕೇಳಿದಮೇಲೆ ಯಾರೂ ವೈರು ಮುಟ್ಟಬಾರದು. ಅವರು ತಿರುಪು ಬಿಚ್ಚುವುದನ್ನೂ ಕಟ್ಟುವುದನ್ನೂ ನಮ್ಮೆದುರೇ ಮಾಡಿ ತೋರಿಸಿದರು. ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಇಕ್ಕಳ ಬೇಡ.

ಈಗ ಲ್ಯಾನ್ ಮೇಲೆ ಹಗಲು 95ರ ಆಸುಪಾಸು. ಮಳೆಯಲ್ಲಿ ಹೋಗುತ್ತಿಲ್ಲ. ಸೊಸೆಯ ಮ್ಯಾನೇಜರ್ ಆಫೀಸಿನ ಮಾತು ಬಿಟ್ಟಿದ್ದಾರೆ. ಸಂಜೆ ಎಂಟರ ನಂತರ ಸ್ಪೀಡು 65, 70ಕ್ಕೆ ಇಳಿಯುತ್ತದೆ. ಡಬ್ಬಿಯ ಪುಟದಲ್ಲಿ ಮೂರೂ ಅಂಕಿ ಆಗಲೂ ಸರಿಯಾಗೇ ಇರುತ್ತವೆ. ಅದು ಓಣಿಯ ಮನೆಗಳೆಲ್ಲ ಒಂದೇ ಕೇಬಲ್ ಹಂಚಿಕೊಳ್ಳುವುದರ ಪರಿಣಾಮ, ಮನೆಯೊಳಗೆ ಏನು ಬದಲಿಸಿದರೂ ಹೋಗುವಂಥದ್ದಲ್ಲ. ಹಿರಿಮಗ ಆ ಸಂಜೆಗಳ ಸ್ಪೀಡನ್ನು ದಿನಾಂಕದ ಸಮೇತ ಬರೆದಿಟ್ಟು ಕೇಬಲ್‌ನವರಿಗೆ ಕಳಿಸುತ್ತಿದ್ದಾನೆ. ಹಳೇ ಡಬ್ಬಿ ಮಾತ್ರ ಇನ್ನೂ ಶೋಕೇಸಿನಲ್ಲೇ ಇದೆ. ಅದರ ಡಿಪಾಜಿಟ್ ರಸೀದಿ ಸಿಗುವವರೆಗೆ ವಾಪಸ್ ಕೊಡಲ್ಲ ಅಂತ ಮಾಸ್ತರ್ರು ಹಟ ಹಿಡಿದಿದ್ದಾರೆ.